1930ರ ಕಾರಿಗೆ ಒಪ್ಪುವ ಬಟ್ಟೆ ಹುಡುಕೋದು ಹೇಗೆ?

ಹಳೇಗಾಲಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1930ರ ಫೋರ್ಡ್ ಮಾಡೆಲ್ ಎ ಇದೆ. ಫೈಟನ್ ಬಾಡಿ. ಮೇಲಿನ ಹೊದಿಕೆ ಮಡಚಬಹುದು, ಪಕ್ಕದ ಕಿಟಕಿಗೆ ಗಾಜಿಲ್ಲ. ಕಾರಿನ ಕೆಲಸ ಪೂರ್ತಿ ಮುಗಿದಿದೆ. ಬಣ್ಣ, ಸೀಟು, ದೀಪ ಎಲ್ಲಾ ಆ ಕಾಲದ ರೀತಿಯಲ್ಲೇ ಮಾಡಿಸಿದ್ದೇನೆ. ಈಗ ಒಂದು ರ‍್ಯಾಲಿಗೆ ಹೆಸರು ಕೊಟ್ಟಿದ್ದೇವೆ. ಅಲ್ಲಿ ಕಾರಿನ ಜೊತೆ ಅದರಲ್ಲಿ ಕೂತವರ ಉಡುಪಿಗೂ ಅಂಕ ಕೊಡುತ್ತಾರೆ.

ತೊಂದರೆ ಶುರುವಾಗಿದ್ದು ಇಲ್ಲೇ. ಬಾಡಿಗೆಗೆ ವೇಷದ ಬಟ್ಟೆ ಕೊಡುವವರನ್ನು ಕೇಳಿದರೆ ಎಲ್ಲರೂ ತೋರಿಸುವುದು ಒಂದೇ. ಹೆಂಗಸರಿಗೆ ಮೈತುಂಬಾ ಕುಚ್ಚು ನೇತಾಡುವ ಗಿಡ್ಡ ಫ್ರಾಕು, ಹಣೆಗೆ ಗರಿ ಸಿಕ್ಕಿಸಿದ ಪಟ್ಟಿ. ಗಂಡಸರಿಗೆ ಕಪ್ಪು ಶರ್ಟು, ಬಿಳಿ ಟೈ, ದಪ್ಪ ಪಟ್ಟೆಯ ಸೂಟು. ಇದನ್ನೆಲ್ಲ ಹಾಕಿಕೊಂಡು ಈ ಕಾರಿನಲ್ಲಿ ಕೂತರೆ ನನಗ್ಯಾಕೋ ಸರಿ ಅನಿಸುವುದಿಲ್ಲ.

ನನಗೆ ಬೇಕಾದ ಉತ್ತರ ಇಷ್ಟು. ಆ ಕಾಲದ ಅಸಲಿ ಬಟ್ಟೆಯನ್ನೇ ಹುಡುಕಿ ಕೊಳ್ಳಬೇಕಾ, ಇಲ್ಲ ಹೊಸದಾಗಿ ಹೊಲಿಸಬೇಕಾ? ಸರಿಯಾಗಿ 1930ರದ್ದೇ ಆಗಬೇಕಾ, ಹಿಂದೆ ಮುಂದೆ ಆದರೆ ನಡೆಯುತ್ತಾ? ಇನ್ನೊಂದು ವಿಷಯ, ಅರ್ಧ ದಾರಿ ನನ್ನ ಹೆಂಡತಿಯೇ ಕಾರು ಓಡಿಸುತ್ತಾಳೆ. ನೋಡೋಕೆ ಚೆಂದ ಇದ್ದರೆ ಸಾಲದು, ಪೆಡಲ್ ತುಳಿಯೋಕೂ ಬರಬೇಕು.

ರಸ್ತೆಪ್ರಿಯ

ಸರ್, ನಿಮಗೆ ಅನಿಸಿದ್ದು ಸರಿಯಾಗೇ ಇದೆ. ಆ ಕುಚ್ಚಿನ ಫ್ರಾಕು ರಾತ್ರಿ ಕುಣಿಯೋಕೆ ಹೋಗುವಾಗ ಹಾಕುತ್ತಿದ್ದದ್ದು. ಅದೂ 1920ರ ದಶಕದ ನಡುವಿನ ಮಾತು. ಹಗಲು ಹೊತ್ತು, ತೆರೆದ ಕಾರಿನಲ್ಲಿ, ಊರಾಚೆ ಹೊರಟವರು ಅದನ್ನು ಹಾಕುತ್ತಿರಲಿಲ್ಲ. ಮೇಲಾಗಿ 1926-27ರ ಹೊತ್ತಿಗೆ ಮೊಣಕಾಲಿನವರೆಗೆ ಏರಿದ್ದ ಅಂಚು 1929-30ಕ್ಕೆ ಮತ್ತೆ ಇಳಿದಿತ್ತು. ನಿಮ್ಮ ಕಾರಿನ ವರ್ಷಕ್ಕೆ ಹಗಲಿನ ಡ್ರೆಸ್ಸು ಮೀನಖಂಡದ ಮಧ್ಯದವರೆಗೆ ಬರಬೇಕು. ಪಿರ್ರೆಯ ಹತ್ತಿರ ಜಾರಿದ್ದ ಸೊಂಟದ ಗೆರೆಯೂ ತನ್ನ ಜಾಗಕ್ಕೆ ವಾಪಸ್ ಬಂದಿತ್ತು. ಇವೆರಡನ್ನು ಸರಿಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ವರ್ಷ ನೋಡುವ ಮೊದಲು ಈ ಕಾರನ್ನು ಯಾರು ಕೊಳ್ಳುತ್ತಿದ್ದರು ಅಂತ ಯೋಚಿಸಿ. ಮಾಡೆಲ್ ಎ ಬಂದಿದ್ದು 1927ರ ಡಿಸೆಂಬರ್‌ನಲ್ಲಿ. ಸುಮಾರು 48 ಲಕ್ಷ ಕಾರು ತಯಾರಾದವು. ರೈತ, ಗುಮಾಸ್ತ, ಮೇಷ್ಟ್ರು, ಸಣ್ಣ ಅಂಗಡಿಯವನು, ಇಂಥವರ ಕಾರು ಅದು. ಇದರಲ್ಲಿ ರೇಷ್ಮೆ ಟೋಪಿ, ಬಾಲದ ಕೋಟು ಹಾಕಿಕೊಂಡು ಕೂತರೆ ಬಟ್ಟೆ ಎಷ್ಟೇ ಅಸಲಿಯಾಗಿದ್ದರೂ ಕಾರಿಗೂ ಅದಕ್ಕೂ ಸಂಬಂಧ ಇರುವುದಿಲ್ಲ. ದೊಡ್ಡ ಪ್ಯಾಕಾರ್ಡೋ ರೋಲ್ಸ್ ರಾಯ್ಸೋ ಆಗಿದ್ದರೆ ಬೇರೆ ಮಾತು.

ಹಾಗಾಗಿ ಸಿನಿಮಾ ತಾರೆಯರ ಫೋಟೋ ನೋಡಬೇಡಿ. ಆ ಕಾಲದಲ್ಲಿ ಅಂಚೆಯ ಮೂಲಕ ಸಾಮಾನು ಮಾರುತ್ತಿದ್ದವರ ಕ್ಯಾಟಲಾಗ್ ನೋಡಿ. ಅಮೆರಿಕದ ಸಿಯರ್ಸ್ ಕಂಪನಿಯ ಹಳೆ ಕ್ಯಾಟಲಾಗ್‌ಗಳು ಸ್ಕ್ಯಾನ್ ಆಗಿ ಸಿಗುತ್ತವೆ. ಮಾಮೂಲಿ ಜನ ಏನು ಹಾಕುತ್ತಿದ್ದರು, ಯಾವ ಬಟ್ಟೆ, ಯಾವ ಬಣ್ಣ, ಎಲ್ಲಾ ಅದರಲ್ಲಿದೆ. ಜೊತೆಗೆ ಕಾರಿನ ಪಕ್ಕ ನಿಂತು ಮನೆಮಂದಿ ತೆಗೆಸಿಕೊಂಡ ಹಳೆ ಫೋಟೋಗಳು. ಅದರಲ್ಲಿ ನಂಬರ್ ಪ್ಲೇಟಿನ ಮೇಲೆ ಎಷ್ಟೋ ಸಲ ವರ್ಷವೇ ಇರುತ್ತದೆ, ಬಟ್ಟೆಯ ಕಾಲ ಊಹಿಸುತ್ತಾ ಕೂರಬೇಕಿಲ್ಲ. ಮಾಡೆಲ್ ಎ ಇಟ್ಟುಕೊಂಡವರಿಗೆ ಇನ್ನೊಂದು ಅನುಕೂಲ ಇದೆ. ಅಮೆರಿಕದ ಮಾಡೆಲ್ ಎ ಫೋರ್ಡ್ ಕ್ಲಬ್‌ನವರು ಈ ಕಾರಿನ ಕಾಲದ ಉಡುಪಿಗೇ ಬೇರೆ ಸ್ಪರ್ಧೆ ನಡೆಸುತ್ತಾರೆ, ಅದಕ್ಕೆ ಬರೆದಿಟ್ಟ ನಿಯಮಗಳೂ ಇವೆ. ನಿಮ್ಮ ರ‍್ಯಾಲಿಗೆ ಹೋಗುವ ಮೊದಲು ಅದನ್ನೊಮ್ಮೆ ಓದಿ.

ಹಿಂದೆ ಮುಂದೆ ಆಗಬಹುದಾ ಅಂದಿರಿ. ಹಿಂದೆ ಧಾರಾಳವಾಗಿ ಆಗಬಹುದು. 1930ರಲ್ಲಿ ಕಾರು ಕೊಂಡವನು 1925ರಲ್ಲಿ ಹೊಲಿಸಿದ ಕೋಟನ್ನು ಎಸೆದಿರುವುದಿಲ್ಲ ಅಲ್ವಾ. ಮುಂದೆ ಹೋದರೆ ಕಷ್ಟ. 1936ರಲ್ಲೂ ಈ ಕಾರು ರಸ್ತೆ ಮೇಲೆ ಓಡಾಡುತ್ತಿತ್ತು ಅಂತ ವಾದ ಮಾಡಬಹುದು, ಅದು ನಿಜವೂ ಹೌದು, ಆದರೆ ಅಂಕ ಕೊಡುವವರು ಅದನ್ನು ಒಪ್ಪುವುದು ಅಪರೂಪ.

ಸೂಜಿದಾರ

ನಾನು ಹೊಲಿಯುವವಳು. ನನ್ನ ಮಟ್ಟಿಗೆ ಉತ್ತರ ಒಂದೇ, ಹೊಲಿಸಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ನಿಮ್ಮ ಸೂಟು. ಈಗಿನ ಸೂಟನ್ನೇ ತಿದ್ದಿ ಹಾಕಿಕೊಳ್ಳೋಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೋಟು ಹೇಗೋ ಆಗುತ್ತದೆ, ಪ್ಯಾಂಟು ಆಗುವುದಿಲ್ಲ. ಆಗಿನ ಪ್ಯಾಂಟು ಹೊಕ್ಕಳಿನ ಹತ್ತಿರ ನಿಲ್ಲುತ್ತಿತ್ತು, ಈಗಿನದು ಅದಕ್ಕಿಂತ ಎಷ್ಟೋ ಕೆಳಗೆ. ತೊಡೆಸಂದಿಯಿಂದ ಸೊಂಟಪಟ್ಟಿಯವರೆಗಿನ ಉದ್ದವನ್ನು ಆಮೇಲೆ ಸೇರಿಸೋಕೆ ಬಟ್ಟೆಯೇ ಇರುವುದಿಲ್ಲ. ಹಾಗೆ ಕೆಳಗೆ ನಿಲ್ಲುವ ಪ್ಯಾಂಟಿನ ಮೇಲೆ ಆ ಕಾಲದ ವೇಸ್ಟ್‌ಕೋಟು ಹಾಕಿದರೆ ನಡುವೆ ಶರ್ಟು ಇಣುಕುತ್ತದೆ. ಒಂದು ಫೋಟೋದಲ್ಲಿ ಇಡೀ ವೇಷ ಹಾಳಾಗೋದು ಅಲ್ಲಿಂದಲೇ. ಟೈ ಕೂಡ ಆಗ ಗಿಡ್ಡ ಇತ್ತು, ಪ್ಯಾಂಟೇ ಅಷ್ಟು ಮೇಲೆ ನಿಲ್ಲುತ್ತಿದ್ದಾಗ ಉದ್ದ ಟೈ ಬೇಕಿರಲಿಲ್ಲ. ಈಗಿನ ಟೈಯನ್ನು ಎರಡು ಸುತ್ತು ಜಾಸ್ತಿ ಹಾಕಿ ಕಟ್ಟಿ ಗಂಟು ದಪ್ಪ ಮಾಡಿಕೊಳ್ಳಬೇಡಿ, ತುದಿ ಕತ್ತರಿಸಿ ಹೊಲಿಸಿ.

ಟೈಲರಿಗೆ ಬಾಯಲ್ಲಿ ಹೇಳಿದರೆ ಸಾಲದು. ಫೋಟೋ ಕೊಡಿ, ಸಾಧ್ಯವಾದರೆ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸೋಕೆ ಬಳಸುವ ಕಾಗದದ ಅಚ್ಚು, ಕೊಡಿ. ಆ ಕಾಲದ ಹೊಲಿಗೆ ಪ್ಯಾಟರ್ನ್‌ಗಳನ್ನು ಈಗ ಮತ್ತೆ ಮುದ್ರಿಸಿ ಮಾರುವವರಿದ್ದಾರೆ. ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಹಳೆ ಪ್ಯಾಟರ್ನ್‌ಗಳ ದೊಡ್ಡ ಸಂಗ್ರಹವೇ ಇದೆ. ಯಾವ ವರ್ಷದಲ್ಲಿ ಯಾವ ಕಟಿಂಗ್ ಇತ್ತು ಅಂತ ಹೋಲಿಸಿ ನೋಡೋಕೆ ಅದಕ್ಕಿಂತ ಒಳ್ಳೆಯದು ಬೇರೆ ಗೊತ್ತಿಲ್ಲ.

ಪ್ಯಾಂಟಿನ ಮುಂದೆ ಜಿಪ್ ಬೇಡ, ಗುಂಡಿ ಇಡಿಸಿ. ಜಿಪ್ ಆಗಲೇ ಇತ್ತು, ಈಗಿನ ರೀತಿಯ ಜಿಪ್ ರೂಪಿಸಿದ ಎಂಜಿನಿಯರ್ ಸುಂಡ್‌ಬ್ಯಾಕ್‌ಗೆ ಪೇಟೆಂಟ್ ಸಿಕ್ಕಿದ್ದು 1917ರಲ್ಲಿ. ಆದರೆ ಗಂಡಸರ ಸೂಟಿನ ಪ್ಯಾಂಟಿಗೆ ಅದು ಬಂದಿದ್ದು 1930ರ ದಶಕದ ಮಧ್ಯದಲ್ಲಿ. ಬೆಲ್ಟಿಗೆ ಬದಲು ಹೆಗಲ ಮೇಲಿನಿಂದ ಪ್ಯಾಂಟನ್ನು ಹಿಡಿದಿಡುವ ಪಟ್ಟಿ, ಅಂದರೆ ಸಸ್ಪೆಂಡರ್ ಹಾಕಿ, ಕ್ಲಿಪ್ಪಿನದಲ್ಲ, ಒಳಗೆ ಗುಂಡಿ ಹಾಕಿ ಸಿಕ್ಕಿಸುವಂಥದ್ದು. ಪ್ಯಾಂಟು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲೋದು ಅದರಿಂದಲೇ.

ನಿಮ್ಮ ಮನೆಯವರ ಡ್ರೆಸ್ಸಿಗೂ ಬೆನ್ನಿನಲ್ಲಿ ಜಿಪ್ ಇಡಿಸಬೇಡಿ. ಎಡಪಕ್ಕೆಯ ಹೊಲಿಗೆಯಲ್ಲಿ ಒಂದು ಗೇಣಿನಷ್ಟು ಬಿಟ್ಟು ಅಲ್ಲಿ ಟಿಚ್ ಬಟನ್, ಹುಕ್ಕು ಹಾಕುತ್ತಿದ್ದರು. ಅದು ಮುಚ್ಚಿದ ಮೇಲೆ ಕಾಣುವುದೇ ಇಲ್ಲ. ಕೈ ಎತ್ತಿದಾಗ ಮಾತ್ರ ಕಾಣುತ್ತದೆ, ಅಂಕ ಕೊಡುವವರು ಕೈ ಎತ್ತಿಸಿ ನೋಡುತ್ತಾರೆ.

ಬಟ್ಟೆ ಆರಿಸುವಾಗ ಪಾಲಿಯೆಸ್ಟರ್ ಬೇಡವೇ ಬೇಡ, ಅದನ್ನು ಕಂಡುಹಿಡಿದದ್ದೇ 1941ರಲ್ಲಿ. ಉಣ್ಣೆ, ಹತ್ತಿ, ಲಿನನ್, ರೇಷ್ಮೆ ಜೊತೆಗೆ ರೇಯಾನ್, ಅಂದರೆ ಮರದ ತಿರುಳಿನಿಂದ ಮಾಡುವ ನೂಲು ಕೂಡ ಆಗುತ್ತದೆ. ರೇಯಾನ್ ಈಚಿನದು ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ, 1920ರ ದಶಕದಲ್ಲಿ ಅದು ಧಾರಾಳವಾಗಿ ಬಳಕೆಯಲ್ಲಿತ್ತು. ಅನುಮಾನ ಬಂದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಹತ್ತಿ, ರೇಯಾನ್ ಕಾಗದದ ಹಾಗೆ ಉರಿದು ಬೂದಿಯಾಗುತ್ತವೆ. ಸೂಟಿಗೆ ತೂಕದ ಬಟ್ಟೆಯೇ ಬೇಕು, ಮೀಟರಿಗೆ 400 ಗ್ರಾಂ ಮೇಲಿನದು. ಈಗಿನ ತೆಳು ಸೂಟಿಂಗ್‌ನಲ್ಲಿ ಅಗಲ ಕಾಲಿನ ಪ್ಯಾಂಟು ಹೊಲಿಸಿದರೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ, ಕೆಳಗೆ ಜೋತು ನಿಲ್ಲುವುದಿಲ್ಲ.

ಟ್ರಂಕುಪೆಟ್ಟಿಗೆ

ನಾನು ಹಳೆ ಬಟ್ಟೆ ಸಂಗ್ರಹಿಸುತ್ತೇನೆ. ಆದರೂ ಮೇಲಿನ ಮೇಡಂ ಹೇಳಿದ್ದನ್ನೇ ಹೇಳುತ್ತೇನೆ, ಕಾರಿನಲ್ಲಿ ಕೂರೋಕೆ ಅಸಲಿ ಡ್ರೆಸ್ಸು ಬೇಡ.

ಆ ಕಾಲದ ರೇಷ್ಮೆಯ ಕಥೆ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ರೇಷ್ಮೆಯ ಅಂಟು ತೊಳೆದಾಗ ತೂಕ ಕಮ್ಮಿಯಾಗುತ್ತದೆ. ಕಳೆದುಕೊಂಡ ತೂಕವನ್ನು ತುಂಬೋಕೆ ಅದನ್ನು ತವರದ ಲವಣದಲ್ಲಿ ನೆನೆಸುತ್ತಿದ್ದರು. ಹೊಸದರಲ್ಲಿ ಅಂಥ ರೇಷ್ಮೆ ಚೆನ್ನಾಗಿ ಜೋತು ಬೀಳುತ್ತದೆ, ಸರಸರ ಸದ್ದು ಮಾಡುತ್ತದೆ. ವರ್ಷಗಳು ಕಳೆದ ಹಾಗೆ ಆ ಲವಣವೇ ಎಳೆಯನ್ನು ತಿನ್ನುತ್ತದೆ. ಪೆಟ್ಟಿಗೆಯಲ್ಲಿ ಮಡಚಿಟ್ಟಲ್ಲೇ, ಯಾರೂ ಮುಟ್ಟದಿದ್ದರೂ, ಮಡಿಕೆಯ ಉದ್ದಕ್ಕೂ ಬ್ಲೇಡಿನಲ್ಲಿ ಗೀರಿದ ಹಾಗೆ ಸೀಳುತ್ತಾ ಬರುತ್ತದೆ. ಒಮ್ಮೆ ಶುರುವಾದರೆ ಅದಕ್ಕೆ ಮದ್ದಿಲ್ಲ. ಹೊಲಿಗೆ ಹಾಕಿದರೆ ಸೂಜಿ ಹೋದ ತೂತಿನಿಂದಲೇ ಹೊಸ ಸೀಳು. ನೂರು ವರ್ಷದ ಹತ್ತಿರ ಬಂದ ಇಂಥ ಬಟ್ಟೆಯನ್ನು ಬಿಸಿಲು, ಬೆವರು, ಸೀಟಿನ ಉಜ್ಜುವಿಕೆಗೆ ಒಡ್ಡಿದರೆ ಸಂಜೆಗೆ ಅದು ಬಟ್ಟೆಯಾಗಿ ಉಳಿದಿರುವುದಿಲ್ಲ. ಉಳಿದಿರುವುದೇ ಕಮ್ಮಿ, ದಯವಿಟ್ಟು ಹಾಗೆ ಮಾಡಬೇಡಿ.

ಅಸಲಿಯಾಗಿ ಕೊಳ್ಳಬಹುದಾದದ್ದು ಬೇರೆ ಇದೆ. ಕೈಚೀಲ, ಟೈಪಿನ್, ಕಫ್‌ಲಿಂಕ್, ಗುಂಡಿಗಳು, ಕನ್ನಡಕದ ಫ್ರೇಮ್. ಮುತ್ತಿನ ಚಿಪ್ಪಿನ ಗುಂಡಿಗಳ ಒಂದು ಸೆಟ್ ಸಿಕ್ಕರೆ ಹೊಸದಾಗಿ ಹೊಲಿಸಿದ ಡ್ರೆಸ್ಸಿಗೆ ಬೇರೆಯೇ ಕಳೆ ಬರುತ್ತದೆ. ಫ್ರೇಮ್ ಗಟ್ಟಿಯಿದ್ದರೆ ಕನ್ನಡಕದ ಅಂಗಡಿಯಲ್ಲಿ ನಿಮ್ಮ ನಂಬರಿನ ಗಾಜು ಹಾಕಿಕೊಡುತ್ತಾರೆ.

ಕೊಳ್ಳುವಾಗ ಮಾರುವವರ ಮಾತು ನಂಬಬೇಡಿ, ಒಳಗಡೆ ನೋಡಿ. ತೊಳೆಯುವ ಬಗ್ಗೆ ಚಿಹ್ನೆಗಳಿರುವ ಲೇಬಲ್ ಕಂಡರೆ ಅದು ಆ ಕಾಲದ್ದಲ್ಲ. ಅಮೆರಿಕದಲ್ಲಿ ತೊಳೆಯುವ ಸೂಚನೆ ಕಡ್ಡಾಯವಾಗಿದ್ದೇ 1970ರ ದಶಕದಲ್ಲಿ. ಪ್ಲಾಸ್ಟಿಕ್ ಹಲ್ಲಿನ ಜಿಪ್ ಇದ್ದರೂ ಅಷ್ಟೇ, ಕೆಳಗಿಡಿ.

ಹಳೇಗಾಲಿ

ತುಂಬಾ ಥ್ಯಾಂಕ್ಸ್. ಹೊಲಿಸೋದು ಅಂತ ತೀರ್ಮಾನ ಆಯಿತು. ಎರಡು ಪ್ರಶ್ನೆ ಉಳಿದಿವೆ. ಹಳೆ ಕಾರಿನ ಚಿತ್ರಗಳಲ್ಲಿ ಪಾದದವರೆಗೆ ಉದ್ದದ ತಿಳಿ ಬಣ್ಣದ ಕೋಟು, ಕಣ್ಣಿಗೆ ದೊಡ್ಡ ಗಾಗಲ್ಸ್, ಹೆಂಗಸರ ಟೋಪಿಯ ಮೇಲೆ ಗಲ್ಲಕ್ಕೆ ಕಟ್ಟಿದ ತೆಳು ಬಟ್ಟೆ ನೋಡಿದ್ದೇನೆ. ನಮ್ಮದೂ ತೆರೆದ ಕಾರಲ್ವಾ, ಅದು ನಡೆಯುತ್ತಾ? ಇನ್ನೊಂದು, ಹೆಂಡತಿ ಕತ್ತಿಗೆ ಉದ್ದ ರೇಷ್ಮೆ ಸ್ಕಾರ್ಫ್ ಹಾಕಿ ಗಾಳಿಗೆ ಹಾರಿಬಿಡಬೇಕು ಅಂತಿದ್ದಾಳೆ.

ರಸ್ತೆಪ್ರಿಯ

ಧೂಳಿನ ಕೋಟು ನಿಮ್ಮ ಕಾರಿಗಿಂತ ಹಿಂದಿನ ಕಾಲದ್ದು ಸರ್. ಮುಂದೆ ಗಾಜೇ ಇಲ್ಲದ ಕಾರು, ಡಾಂಬರೇ ಕಾಣದ ರಸ್ತೆ, ಆಗ ಅದು ಬೇಕೇ ಬೇಕಿತ್ತು. ಲಂಡನ್‌ನಿಂದ ಬ್ರೈಟನ್‌ಗೆ ಪ್ರತಿವರ್ಷ ಹೋಗುವ ಓಟದಲ್ಲಿ 1905ಕ್ಕಿಂತ ಹಿಂದಿನ ಕಾರುಗಳು ಮಾತ್ರ ಇರುತ್ತವೆ, ಅಲ್ಲಿನವರಿಗೆ ಆ ಕೋಟು ಸರಿಹೋಗುತ್ತದೆ. ನಿಮ್ಮ ಕಾರಿಗೆ ಮುಂದೆ ಒಡೆದರೂ ಚೂರಾಗಿ ಸಿಡಿಯದ ಗಾಜಿದೆ. ಮಾಮೂಲಿ ಮೇಲಂಗಿ, ತಲೆಗೆ ಚಪ್ಪಟೆ ಕ್ಯಾಪು ಸಾಕು. ಸುತ್ತ ಅಂಚಿರುವ ಫೆಡೋರಾ ಟೋಪಿ ಹಾಕಬೇಕು ಅನಿಸಿದರೆ ಕಾರು ನಿಂತ ಮೇಲೆ ಹಾಕಿ, ಓಡುವಾಗ ಹಾರಿಹೋಗುತ್ತದೆ.

ಉದ್ದ ಸ್ಕಾರ್ಫ್ ಮಾತ್ರ ಬೇಡ. ನೃತ್ಯಗಾತಿ ಇಸಡೋರಾ ಡಂಕನ್ ತೀರಿಕೊಂಡಿದ್ದೇ ಹಾಗೆ. 1927ರ ಸೆಪ್ಟೆಂಬರ್‌ನಲ್ಲಿ, ಫ್ರಾನ್ಸಿನ ನೀಸ್ ಊರಲ್ಲಿ, ತೆರೆದ ಅಮಿಲ್ಕಾರ್ ಕಾರಿನಲ್ಲಿ ಹೊರಟಾಗ ಕತ್ತಿನ ಸ್ಕಾರ್ಫ್ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು. ನಿಮ್ಮ ಕಾರಿಗೂ ಕಡ್ಡಿ ಚಕ್ರ. ಚೌಕದ ಸಣ್ಣ ಸ್ಕಾರ್ಫನ್ನು ಕೋಟಿನ ಒಳಗೆ ಸಿಕ್ಕಿಸಿಕೊಳ್ಳಲಿ, ಅದೂ ಆ ಕಾಲದ್ದೇ.

ಮೂರನೇಗೇರ್

ಓಡಿಸುವ ಅಕ್ಕನಿಗಾಗಿ ಬರೆಯುತ್ತಿದ್ದೇನೆ, ನಾನೂ ಇದೇ ಮಾಡೆಲ್ ಓಡಿಸುವವಳು.

ಡ್ರೆಸ್ಸಿನ ಟ್ರಯಲ್ ನೋಡುವಾಗ ನಿಂತು ನೋಡಬೇಡಿ, ಕಾರಿನಲ್ಲೇ ಕೂತು ನೋಡಿ. ಕ್ಲಚ್ ಪೂರ್ತಿ ಒತ್ತಿ. ಸ್ಟಾರ್ಟರ್ ಕೂಡ ಕಾಲಿನಲ್ಲೇ ಒತ್ತಬೇಕಲ್ವಾ, ಅದನ್ನೂ ಒತ್ತಿ. ನೇರ ಕಟ್ಟಿನ ಸ್ಕರ್ಟು ಮೊಣಕಾಲಿನ ಹತ್ತಿರ ಬಿಗಿಯುತ್ತದೆ. ಮೊಣಕಾಲಿನಿಂದ ಕೆಳಗೆ ನೆರಿಗೆ ಬಿಡಿಸಿದರೆ ಕಾಲು ಸಲೀಸಾಗಿ ಆಡುತ್ತದೆ. 1930ರ ಡ್ರೆಸ್ಸುಗಳಲ್ಲಿ ಆ ನೆರಿಗೆ ಹೇಗೂ ಇತ್ತು. ತೋಳಿನ ಕಂಕುಳಿನ ಕಟಿಂಗ್ ಮೇಲೆ ಇರಲಿ, ಕೆಳಗಿದ್ದರೆ ಸ್ಟಿಯರಿಂಗ್ ತಿರುಗಿಸಿದಾಗ ಇಡೀ ಡ್ರೆಸ್ಸು ಮೇಲೆ ಬರುತ್ತದೆ. ಈ ಕಾರಿನ ಸ್ಟಿಯರಿಂಗ್ ಎಷ್ಟು ಭಾರ ಅಂತ ನಿಮಗೆ ಹೇಳಬೇಕಿಲ್ಲ.

ತಲೆಗೆ ಕ್ಲೋಶ್ ಟೋಪಿ, ಅಂದರೆ ಗಂಟೆಯ ಆಕಾರದ್ದು, ಹಾಕಿ. ಹುಬ್ಬಿನವರೆಗೆ ಎಳೆದು ಕೂರಿಸುವುದರಿಂದ ಗಾಳಿಗೆ ಅಲ್ಲಾಡುವುದಿಲ್ಲ. ಉದ್ದ ಕೂದಲಿದ್ದರೆ ಕತ್ತರಿಸಬೇಕಿಲ್ಲ, ಕುತ್ತಿಗೆಯ ಹತ್ತಿರ ತಗ್ಗಿಗೆ ತುರುಬು ಕಟ್ಟಿ ಪಿನ್ ಹಾಕಿದರೆ ಟೋಪಿ ಕೂರುತ್ತದೆ. ಆದರೆ ಟೋಪಿಯ ಅಂಚು ಪಕ್ಕದ ನೋಟಕ್ಕೆ ಅಡ್ಡ ಬರುತ್ತಾ ಅಂತ ಮೊದಲೇ ನೋಡಿಕೊಳ್ಳಿ. 1930ರ ಹೊತ್ತಿಗೆ ಅಂಚು ಹಣೆಯಿಂದ ಮೇಲಕ್ಕೆ ಸರಿಯುತ್ತಿತ್ತು, ಅಂಥದ್ದೇ ಹುಡುಕಿ.

ಚಪ್ಪಲಿ ಬೇಡ, ಪಟ್ಟಿಯ ಶೂ, ಗಿಡ್ಡ ದಪ್ಪ ಹಿಮ್ಮಡಿಯದು. ಹೊಸ ಚರ್ಮದ ಅಟ್ಟೆ ಪೆಡಲ್ ಮೇಲೆ ಜಾರುತ್ತದೆ, ಚಮ್ಮಾರರ ಹತ್ತಿರ ಮುಂಭಾಗಕ್ಕೆ ತೆಳು ರಬ್ಬರ್ ಹಾಕಿಸಿ. ಸ್ಟಾಕಿಂಗ್ಸ್ ಹಾಕುವುದಾದರೆ ಹಿಂದೆ ಹೊಲಿಗೆ ಗೆರೆ ಇರುವಂಥದ್ದೇ ಹಾಕಿ. ಆಗ ರೇಷ್ಮೆ ಇಲ್ಲವೇ ರೇಯಾನ್, ನೈಲಾನ್ ಸ್ಟಾಕಿಂಗ್ಸ್ ಅಂಗಡಿಗೆ ಬಂದಿದ್ದು 1940ರಲ್ಲಿ. ಈಗ ಸಿಗುವುದು ಹೆಚ್ಚಾಗಿ ನೈಲಾನೇ, ಆದರೂ ಗೆರೆ ನೆಟ್ಟಗಿದ್ದರೆ ಕಣ್ಣಿಗೆ ಒಪ್ಪುತ್ತದೆ.

ಸೂಜಿದಾರ

ಒಂದು ಮಾತು ಬಿಟ್ಟುಹೋಗಿತ್ತು. ಒಳಗಿನ ಬಟ್ಟೆಯೂ ಆ ಕಾಲದ ಆಕಾರಕ್ಕೆ ಹೊಂದಬೇಕು ಅಂತ ಕೆಲವರು ಹಟ ಹಿಡಿಯುತ್ತಾರೆ, ನಾನೂ ಅದನ್ನು ಒಪ್ಪುತ್ತೇನೆ. ಈಗಿನ ಗಟ್ಟಿ ಪ್ಯಾಡಿನ ಒಳಉಡುಪಿನ ಮೇಲೆ 1930ರ ಡ್ರೆಸ್ಸು ಎದೆಯ ಹತ್ತಿರ ಎಳೆಯುತ್ತದೆ, ಸೊಂಟದ ಗೆರೆ ಮೇಲೇರುತ್ತದೆ. ಮೆತ್ತಗಿನದು ಹಾಕಿ, ಮೇಲೊಂದು ಉದ್ದ ಸ್ಲಿಪ್ ಹಾಕಿ, ಆಮೇಲೆ ಟೈಲರಿಗೆ ಅಳತೆ ಕೊಡಲಿ. ಅಳತೆ ಕೊಟ್ಟ ಮೇಲೆ ಬದಲಾಯಿಸಿದರೆ ಮತ್ತೆ ಬಿಚ್ಚಿ ಹೊಲಿಯಬೇಕಾಗುತ್ತದೆ.

ಹಳೇಗಾಲಿ

ಹೆಂಡತಿ ಎಲ್ಲಾ ಓದಿದಳು. ಉದ್ದ ಸ್ಕಾರ್ಫ್ ಕೈಬಿಟ್ಟಿದ್ದಾಳೆ. ಕಾರು ಅಚ್ಚ ಹಸಿರು, ಮಡ್‌ಗಾರ್ಡ್ ಕಪ್ಪು. ಅವಳಿಗೆ ತಿಳಿ ಕಂದು ಬಣ್ಣದ ಡ್ರೆಸ್ಸು, ನನಗೆ ಬೂದು ಉಣ್ಣೆ ಸೂಟು ಅಂದುಕೊಂಡಿದ್ದೇವೆ. ಕಾರಿನ ಬಣ್ಣದ್ದೇ ಬಟ್ಟೆ ಹಾಕಬೇಕು ಅಂತೇನೂ ಇಲ್ಲ ತಾನೇ?

ಟ್ರಂಕುಪೆಟ್ಟಿಗೆ

ಇಲ್ಲ ಸರ್. ಕಾರಿನ ಬಣ್ಣಕ್ಕೆ ಮ್ಯಾಚ್ ಮಾಡಿ ಮಾಮೂಲಿ ಜನ ಬಟ್ಟೆ ಹೊಲಿಸುತ್ತಿರಲಿಲ್ಲ. ಕಂದು, ಬೂದು ಎರಡೂ ಹಸಿರಿನ ಪಕ್ಕ ಚೆನ್ನಾಗಿ ಕಾಣುತ್ತವೆ. ಹೊರಡುವ ಮುಂಚೆ ಕೈಗಡಿಯಾರ ನೋಡಿಕೊಳ್ಳಿ, ಕೀಲಿ ಕೊಡುವ ಸಣ್ಣದು ಇರಲಿ. ಮೊಬೈಲ್ ಇಡೋಕೆ ವೇಸ್ಟ್‌ಕೋಟಿನ ಒಳಗೆ ಒಂದು ಜೇಬು ಈಗಲೇ ಹೇಳಿ ಹೊಲಿಸಿ. ಹೊರಗಿನ ಜೇಬಿನಲ್ಲಿಟ್ಟರೆ ಅದರ ಚೌಕ ಆಕಾರ ಎಲ್ಲಾ ಫೋಟೋದಲ್ಲೂ ಕಾಣುತ್ತದೆ.