ಹೊಸ ಕ್ಯಾಲಿಬ್ರೇಷನ್ ಸಿಲಿಂಡರ್ ಹಾಕಿದರೆ ಎಚ್‌ಸಿ (ಹೈಡ್ರೋಕಾರ್ಬನ್) ರೀಡಿಂಗ್ ಅರ್ಧಕ್ಕರ್ಧ ಕಡಿಮೆ! ಯಾರಾದರೂ ದಾರಿ ಹೇಳಿ

ಹೊಗೆಟೆಸ್ಟ್_ತುಮಕೂರು
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ನನ್ನದು ಗಾಡಿ ಹೊಗೆ ಅಳೆಯುವ ನಾಲ್ಕು ಗ್ಯಾಸಿನ ಅನಲೈಜರ್. ಮೆಷಿನ್ ಸರಿ ತೋರಿಸುತ್ತದಾ ಅಂತ ನೋಡಲು, ಅಳತೆ ಗೊತ್ತಿರುವ ಗ್ಯಾಸಿನ ಹೊಸ ಸಿಲಿಂಡರ್ ತರಿಸಿದೆ. ಎಚ್‌ಸಿ 2000 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಅಂತ ಸರ್ಟಿಫಿಕೇಟ್ ಇದೆ. ಗ್ಯಾಸ್ ಬಿಟ್ಟರೆ ಮೆಷಿನ್ 1018 ತೋರಿಸುತ್ತದೆ. ಸರ್ವೀಸಿನವರು "ಬೆಂಚ್ (ಒಳಗೆ ಗ್ಯಾಸ್ ಅಳೆಯುವ ಭಾಗ) ಹೋಗಿದೆ, ಹೊಸದು ಹಾಕಿಸಿ" ಅನ್ನುತ್ತಾರೆ. ಅಷ್ಟು ದುಡ್ಡು ಎಲ್ಲಿಂದ ತರಲಿ?

ಗ್ಯಾರೇಜ್_ಹಾಸನ
ಲೀಕ್ ಸರ್, ಬೇರೇನೂ ಅಲ್ಲ. ಹೊಗೆಯ ನೀರು ಹಿಡಿಯುವ ವಾಟರ್ ಟ್ರ್ಯಾಪಿನ ಓ-ರಿಂಗ್ (ರಬ್ಬರ್ ಬಳೆ) ನೋಡಿ. ಹೊರಗಿನ ಗಾಳಿ ಸೇರಿಕೊಂಡರೆ ರೀಡಿಂಗ್ ಇಳಿಯುತ್ತದೆ.

ಹೊಗೆಟೆಸ್ಟ್_ತುಮಕೂರು
ಲೀಕ್ ಟೆಸ್ಟ್ ಪಾಸ್. ಓ-ರಿಂಗ್, ಫಿಲ್ಟರ್ ಎರಡೂ ಹೊಸದು ಹಾಕಿದೆ. ಈಗಲೂ 1018.

ಗ್ಯಾರೇಜ್_ಹಾಸನ
ಹಾಗಾದರೆ ಒಳಗಿನ ಪೈಪು. ನನ್ನ ಮೆಷಿನ್ನಿನಲ್ಲಿ ಪಂಪಿನ ಹತ್ತಿರ ಕೂದಲೆಳೆಯಷ್ಟು ಬಿರುಕಿತ್ತು, ಲೀಕ್ ಟೆಸ್ಟಿನಲ್ಲೂ ಸಿಕ್ಕಿರಲಿಲ್ಲ. ಕವರ್ ಬಿಚ್ಚಿ.

ಕಡಲೂರು_ಚಿಮಣಿ
ಸಿಲಿಂಡರ್ ಉರುಳಿಸಿದ್ರಾ? ಭಾರದ ಗ್ಯಾಸ್ ತಳಕ್ಕೆ ಕೂತಿರುತ್ತದೆ. ನಾನು ಯಾವಾಗಲೂ ಹತ್ತು ನಿಮಿಷ ಉರುಳಿಸಿಯೇ ಹಾಕುವುದು.

ಪಿಪಿಬಿ_ಲ್ಯಾಬ್
ಒಮ್ಮೆ ಚೆನ್ನಾಗಿ ಬೆರೆತ ಗ್ಯಾಸ್ ಮತ್ತೆ ಬೇರೆಯಾಗುವುದಿಲ್ಲ. 150 ಬಾರ್ ಸಿಲಿಂಡರಿನಲ್ಲಿ 2000 ಪಿಪಿಎಂ ಅಂದರೆ ಅದರ ಪಾಲಿನ ಒತ್ತಡ ಬರೀ 0.3 ಬಾರ್. ನಮ್ಮ ಹವೆಯಲ್ಲಿ ಅದು ದ್ರವ ಆಗಿ ತಳ ಸೇರುವ ಮಾತೇ ಇಲ್ಲ.

ಕಡಲೂರು_ಚಿಮಣಿ
ಇಪ್ಪತ್ತು ವರ್ಷ ಕಾರ್ಖಾನೆ ಚಿಮಣಿಯ ಹೊಗೆ ಅಳೆದವನು ನಾನು, ಮೇಡಂ.  ನಾವು ಉರುಳಿಸಿಯೇ ಹಾಕುತ್ತೇವೆ.

ಪಿಪಿಬಿ_ಲ್ಯಾಬ್
ಉರುಳಿಸಿದರೆ ನಷ್ಟವಿಲ್ಲ. ಈ 1018ಕ್ಕೆ ಕಾರಣ ಅದಲ್ಲ, ಅಷ್ಟೇ. ತುಮಕೂರಿನವರೇ, ಸಿಒ ಮತ್ತು ಸಿಒ2 ಎಷ್ಟು ಬರುತ್ತಿದೆ?

ಹೊಗೆಟೆಸ್ಟ್_ತುಮಕೂರು
ಅವು ಸರಿ ಇವೆ. ಸಿಲಿಂಡರಿನಲ್ಲಿ ಸಿಒ 3.5%, ಮೆಷಿನ್ನಿನಲ್ಲಿ 3.48. ಸಿಒ2ನೂ ಹಾಗೇ. ತೊಂದರೆ ಎಚ್‌ಸಿಯದು ಮಾತ್ರ.

ಪಿಪಿಬಿ_ಲ್ಯಾಬ್
ಇದನ್ನು ಮೊದಲೇ ಹೇಳಬೇಕಿತ್ತು ಸರ್! ಲೀಕ್ ಇದ್ದಿದ್ದರೆ ಮೂರೂ ಒಟ್ಟಿಗೆ ಇಳಿದು ಆಕ್ಸಿಜನ್ ಏರುತ್ತಿತ್ತು. ಕವರ್ ಮುಟ್ಟಬೇಡಿ. ಸರ್ಟಿಫಿಕೇಟಿನಲ್ಲಿ ಎಚ್‌ಸಿ ಅಂತಿದೆಯೋ, ಪ್ರೊಪೇನ್ ಅಂತಿದೆಯೋ?

ಹೊಗೆಟೆಸ್ಟ್_ತುಮಕೂರು
ಪ್ರೊಪೇನ್ 2000, ಸಿಒ, ಸಿಒ2 ಬಿಟ್ಟು ಉಳಿದದ್ದು ನೈಟ್ರೋಜನ್. ಎರಡೂ ಒಂದೇ ಅಲ್ವಾ?

ಪಿಪಿಬಿ_ಲ್ಯಾಬ್
ಅಲ್ಲ. ನಿಮ್ಮ ಮೆಷಿನ್ ತೋರಿಸುವುದು ಹೆಕ್ಸೇನ್ ಲೆಕ್ಕದಲ್ಲಿ. ಪ್ರೊಪೇನಿನಲ್ಲಿ ಮೂರು ಕಾರ್ಬನ್, ಹೆಕ್ಸೇನಿನಲ್ಲಿ ಆರು. ಇನ್‌ಫ್ರಾರೆಡ್ ಬೆಂಚಿಗೆ ಪ್ರೊಪೇನ್ ಸುಮಾರು ಅರ್ಧದಷ್ಟೇ ಕಾಣುತ್ತದೆ. ಹೆಕ್ಸೇನನ್ನು ಒತ್ತಿ ತುಂಬಿದರೆ ದ್ರವ ಆಗಿಬಿಡುತ್ತದೆ, ಅದಕ್ಕೇ ಸಿಲಿಂಡರಿಗೆ ಪ್ರೊಪೇನ್. ಮೆಷಿನ್ ಹಿಂದಿನ ಪ್ಲೇಟಿನಲ್ಲಿ ಪಿಇಎಫ್ (ಪ್ರೊಪೇನನ್ನು ಹೆಕ್ಸೇನ್ ಲೆಕ್ಕಕ್ಕೆ ತರಲು ಗುಣಿಸುವ ಸಂಖ್ಯೆ) ಅಂತ 0.5ರ ಆಸುಪಾಸಿನ ಸಂಖ್ಯೆ ಇರುತ್ತದೆ. ನೋಡಿ.

ಹೊಗೆಟೆಸ್ಟ್_ತುಮಕೂರು
ಇದೆ! 0.512.

ಪಿಪಿಬಿ_ಲ್ಯಾಬ್
2000 × 0.512 = 1024. ನಿಮಗೆ ಬಂದದ್ದು 1018. ಬೆಂಚ್ ಚೆನ್ನಾಗಿದೆ, ಒಂದು ಪೈಸೆ ಖರ್ಚು ಮಾಡಬೇಡಿ. ಸ್ಪಾನ್ (ಸಿಲಿಂಡರ್ ಗ್ಯಾಸಿಗೆ ಮೆಷಿನ್ ಎಷ್ಟು ತೋರಿಸಬೇಕು ಅನ್ನುವ ಹೊಂದಾಣಿಕೆ) ಏನೂ ಬದಲಿಸಿಲ್ಲ ತಾನೇ?

ಹೊಗೆಟೆಸ್ಟ್_ತುಮಕೂರು
ನಿನ್ನೆ ಬೆಳಿಗ್ಗೆ ಸ್ಪಾನ್ 2000ಕ್ಕೆ ಕೂರಿಸಿ ಸಂಜೆ ಹಳೆಯದಕ್ಕೆ ತಂದೆ. ನಡುವೆ ಬಿಎಸ್ 4 ಪೆಟ್ರೋಲ್ ಕಾರೊಂದು 236 ತೋರಿಸಿ ಫೇಲ್ ಆಯಿತು. ಮಿತಿ 200.

ಪಿಪಿಬಿ_ಲ್ಯಾಬ್
ಅದರ ನಿಜವಾದ ರೀಡಿಂಗ್ 120ರ ಹತ್ತಿರ. ಅವರನ್ನು ಕರೆಸಿ ಮತ್ತೆ ಟೆಸ್ಟ್ ಮಾಡಿ. ಮೆಷಿನ್ ಸ್ಪಾನ್ ಮೌಲ್ಯ ಕೇಳುವಾಗ ಪ್ರೊಪೇನ್ ಸಂಖ್ಯೆ ಕೊಡಬೇಕೋ, ಗುಣಿಸಿದ್ದು ಕೊಡಬೇಕೋ ಅಂತ ಮ್ಯಾನುಯಲ್ ನೋಡಿಕೊಳ್ಳಿ. ಕೆಲವು ಮೆಷಿನ್ ತಾವೇ ಗುಣಿಸುತ್ತವೆ.

ಗ್ಯಾರೇಜ್_ಹಾಸನ
ಒಪ್ಪಿದೆ. ಆದರೂ ಆ ಪಂಪಿನ ಪೈಪು ಒಮ್ಮೆ ನೋಡಿಬಿಡಿ.

ಹೊಗೆಟೆಸ್ಟ್_ತುಮಕೂರು
ಕಾರಿನವರು ಬಂದಿದ್ದರು. 118, ಪಾಸ್. ನಿನ್ನೆ ಫೇಲ್ ಆದ ಇನ್ನೂ ನಾಲ್ಕು ಗಾಡಿಯವರಿಗೆ ಫೋನ್ ಮಾಡುತ್ತಿದ್ದೇನೆ. ತುಂಬಾ ಉಪಕಾರ ಆಯಿತು ಮೇಡಂ.

ಮಲೆನಾಡು_ಸೆನ್ಸರ್
ನನ್ನದೂ ಒಂದು ಪ್ರಶ್ನೆ. ಸಿಲಿಂಡರಿನಲ್ಲಿ ಇನ್ನೂ 40 ಬಾರ್ ಇದೆ, ಸರ್ಟಿಫಿಕೇಟ್ ಅವಧಿ ಮಾತ್ರ ಎರಡು ತಿಂಗಳ ಹಿಂದೆ ಮುಗಿದಿದೆ. ಬಳಸಬಹುದಾ?