ನೆಟ್ಟಗೆ ಬಿದ್ದ ಅಲ್ಯೂಮಿನಿಯಂ ಕೊಳವೆಯ ಬುಡ ಕುಸಿಯುತ್ತಿದೆ: ಇದು ಬಕ್ಲಿಂಗೋ (ಹೊರೆಗೆ ಬಾಗಿ ಕುಸಿಯುವುದು), ಯೀಲ್ಡೋ (ಲೋಹವೇ ಸೋತು ಶಾಶ್ವತವಾಗಿ ಆಕಾರಗೆಡುವುದು)?

ಪ್ರಶ್ನೆ (ಮಂಗಳೂರು)

ನಮಸ್ಕಾರ. ಡ್ರೋನಿನಿಂದ ಕೆಳಗೆ ಬಿಡುವ ಹವಾಮಾನ ಮಾಪಕವೊಂದನ್ನು ಮನೆಯಲ್ಲಿ ಕಟ್ಟುತ್ತಿದ್ದೇನೆ. 12 ಮಿ.ಮೀ. ಹೊರವ್ಯಾಸ, 1 ಮಿ.ಮೀ. ದಪ್ಪ, 300 ಮಿ.ಮೀ. ಉದ್ದದ ಅಲ್ಯೂಮಿನಿಯಂ ಕೊಳವೆಯ ತುದಿಗೆ 1 ಕೆ.ಜಿ. ತೂಕದ ಪೆಟ್ಟಿಗೆಯಿದೆ, ಬುಡಕ್ಕೊಂದು ಚಪ್ಪಟೆ ತಟ್ಟೆಯಿದೆ. ಕಿಟಕಿ ಮಾಡುವ ಅಂಗಡಿಯಿಂದ ತಂದ ಕೊಳವೆ ಅದು. ಅಂಗಳದ ಕಾಂಕ್ರೀಟಿನ ಮೇಲೆ ರಬ್ಬರು ಹಾಸಿ, 2 ಮೀಟರ್ ಎತ್ತರದಿಂದ ನೆಟ್ಟಗೆ ಬೀಳಿಸಿದಾಗ ಬುಡದಲ್ಲಿ ಉಂಗುರದಂತೆ ಉಬ್ಬು ಮೂಡಿ ಗೋಡೆ ಮಡಿಚಿಕೊಳ್ಳುತ್ತದೆ. ಪಕ್ಕದಲ್ಲಿಟ್ಟ ಜೇಡಿಮಣ್ಣಿನ ಉಂಡೆ ಚಪ್ಪಟೆಯಾದುದನ್ನು ನೋಡಿದರೆ ರಬ್ಬರು ತಗ್ಗಿದ್ದು ಸುಮಾರು 4 ಮಿ.ಮೀ. ಉದ್ದನೆಯ ಕಂಬ ಎಷ್ಟು ಹೊರೆಗೆ ಬಾಗುತ್ತದೆಂದು ಹೇಳುವ ಆಯ್ಲರ್ ಸೂತ್ರದಂತೆ ಈ ಕೊಳವೆ ತಾಳುವುದು ಸುಮಾರು 1,000 ನ್ಯೂಟನ್ ಮಾತ್ರ ಎಂದು ಕಂಡು, ಬಕ್ಲಿಂಗ್ ಇರಬೇಕೆಂದುಕೊಂಡು ನಡುವಿಗೆ ಮೂರು ದಿಕ್ಕಿನಿಂದ ತಂತಿ ಬಿಗಿದೆ. ಬುಡ ಮತ್ತೆ ಹಾಗೆಯೇ ಕುಸಿಯಿತು.

ಉತ್ತರ (ಉಡುಪಿ)

ತಂತಿ ಬಿಗಿದರೂ ಫಲ ಸಿಗದಿದ್ದುದೇ ಒಳ್ಳೆಯ ಸುಳಿವು. 2 ಮೀಟರ್ ಬಿದ್ದ ವಸ್ತು 4 ಮಿ.ಮೀ.ನಲ್ಲಿ ನಿಂತರೆ ಸರಾಸರಿ ವೇಗಕುಸಿತ ಗುರುತ್ವದ 500 ಪಟ್ಟು, 1 ಕೆ.ಜಿ.ಗೆ ಅದು ಸುಮಾರು 4,900 ನ್ಯೂಟನ್. ಆಯ್ಲರ್ ಮಿತಿಯ ಐದು ಪಟ್ಟು ಹತ್ತಿರವಾದರೂ ಕೊಳವೆ ಬಿಲ್ಲಿನಂತೆ ಬಾಗದಿರಲು ಕಾರಣ ಸಮಯ. ಬಾಗಬೇಕಾದರೆ ಮೇಲಿನ ತೂಕ ಅಡ್ಡಕ್ಕೆ ಸರಿಯಬೇಕು. ನಿಮ್ಮ ಅಳತೆಗೆ ಅದರ ಅಡ್ಡ ತೂಗಾಟದ ಅವಧಿ ಸುಮಾರು 100 ಮಿಲಿಸೆಕೆಂಡು, ಆದರೆ ಹೊಡೆತ ಮುಗಿಯುವುದು 1.3 ಮಿಲಿಸೆಕೆಂಡಿನೊಳಗೆ. ಕೊಳವೆಯ ನೇರಕ್ಕೆ ನಡೆಯುವ ಕಂಪನದ ಅವಧಿ ಮಾತ್ರ 2 ಮಿಲಿಸೆಕೆಂಡಿನ ಆಸುಪಾಸಿನದು. ಆದ್ದರಿಂದ ಆ ದಿಕ್ಕಿನಲ್ಲಿ ಹೊರೆ ಪೂರ್ತಿಯಾಗಿ ತಟ್ಟುತ್ತದೆ.

ಈಗ ಅಡ್ಡಕೊಯ್ತದ ಲೆಕ್ಕ ನೋಡಿ. ಲೋಹದ ವಿಸ್ತೀರ್ಣ 34.6 ಚದರ ಮಿ.ಮೀ., ಸರಾಸರಿ ಸ್ಟ್ರೆಸ್ (ಪ್ರತಿ ಚದರ ಮಿ.ಮೀ. ಲೋಹದ ಮೇಲೆ ಬೀಳುವ ಹೊರೆ) 142 ಮೆಗಾಪಾಸ್ಕಲ್, ಅಂದರೆ ಚದರ ಮಿ.ಮೀ.ಗೆ 142 ನ್ಯೂಟನ್. ಥಟ್ಟನೆ ಬಿದ್ದ ಹೊರೆಯ ಶಿಖರ ಸರಾಸರಿಗಿಂತ ಎರಡು ಪಟ್ಟಿನವರೆಗೂ ಏರಬಹುದು. ಕಿಟಕಿಗಳಿಗೆ ಸಾಮಾನ್ಯವಾಗಿ ಬಳಸುವ 6063-ಟಿ5 ಮಿಶ್ರಲೋಹ ಸುಮಾರು 145ರಲ್ಲೇ ಯೀಲ್ಡ್ ಆಗುತ್ತದೆ. ಗೋಡೆ ತೆಳುವಾಗಿ ಸುಕ್ಕಾಗುವ ಬಕ್ಲಿಂಗೂ ಇದಲ್ಲ, ಏಕೆಂದರೆ ಇಷ್ಟು ಕಿರಿದಾದ ಕೊಳವೆಗೆ 1 ಮಿ.ಮೀ. ದಪ್ಪ ಧಾರಾಳ.

ಬುಡವೇ ಏಕೆ? ಕೊಳವೆಯ ಸ್ವಂತ ತೂಕ 28 ಗ್ರಾಂ ಮಾತ್ರವಾದ್ದರಿಂದ ಬುಡಕ್ಕೂ ತುದಿಗೂ ಹೊರೆಯ ವ್ಯತ್ಯಾಸ ಶೇ. 3ರಷ್ಟೂ ಇಲ್ಲ. ಹ್ಯಾಕ್ಸಾದಿಂದ ಕೊಯ್ದ ತುದಿ ಓರೆಯಾಗಿದ್ದು, ಒಂದೇ ಅಂಚು ಮೊದಲು ತಟ್ಟೆಗೆ ತಾಗುತ್ತಿದೆ ಎಂಬುದು ನನ್ನ ಬಲವಾದ ಅನುಮಾನ. ಮೂಲೆಮಟ್ಟ ಹಿಡಿದು ಅರದಿಂದ ಉಜ್ಜಿ, ಒಳಗೆ ಬಿಗಿಯಾಗಿ ಕೂರುವ ಗಟ್ಟಿ ಅಲ್ಯೂಮಿನಿಯಂ ತುಂಡನ್ನು ಸೇರಿಸಿ. 6061-ಟಿ6 ಎಂಬ ಇನ್ನೂ ಗಟ್ಟಿ ಮಿಶ್ರಲೋಹದ ಕೊಳವೆ ಸಿಕ್ಕರೆ ಯೀಲ್ಡ್ ಮಿತಿ ಸುಮಾರು 275ಕ್ಕೇರುತ್ತದೆ. ಸಮಸ್ಯೆ ನಿಧಾನದ ಬಕ್ಲಿಂಗ್ ಆಗಿದ್ದರೆ ಈ ಬದಲಾವಣೆ ನಿಷ್ಪ್ರಯೋಜಕವಾಗುತ್ತಿತ್ತು, ಏಕೆಂದರೆ ಎರಡೂ ಮಿಶ್ರಲೋಹಗಳ ಬಿಗಿತ ಒಂದೇ, ಸುಮಾರು 70 ಗಿಗಾಪಾಸ್ಕಲ್. ಉದಾಹರಣೆಗೆ, ಒಂದೆರಡು ಸೆಕೆಂಡು ಉರಿಯುವ ರಾಕೆಟ್‌ನಲ್ಲಿ ಬಾಗಲು ಬೇಕಾದಷ್ಟು ಸಮಯವಿರುತ್ತದೆ. ಅಲ್ಲಿ ನಿಮ್ಮ ಆಯ್ಲರ್ ಲೆಕ್ಕವೇ ಮೊದಲು ಬರಬೇಕು.

ಆದರೆ ಮೊದಲು ಮಾಡಬೇಕಾದ ಕೆಲಸ, ನಿಲ್ಲುವ ದೂರವನ್ನು ಹೆಚ್ಚಿಸುವುದು. ತಟ್ಟೆಯ ಅಡಿಗೆ 40 ಮಿ.ಮೀ. ತಗ್ಗುವಂಥ ಮೆತ್ತೆ ಕಟ್ಟಿದರೆ ಹೊರೆ 490 ನ್ಯೂಟನ್‌ಗಿಳಿಯುತ್ತದೆ, ಸ್ಟ್ರೆಸ್ 14 ಮೆಗಾಪಾಸ್ಕಲ್ ಆಗುತ್ತದೆ. ಆಗ ಆಯ್ಲರ್ ಮಿತಿಯೂ ದಾಟುವುದಿಲ್ಲ.

ಪ್ರಶ್ನೆ ಕೇಳಿದವರು

ತುದಿ ನಿಜಕ್ಕೂ ಓರೆಯಾಗಿತ್ತು ಸರ್. ಒಂದು ಪಕ್ಕಕ್ಕೆ ಕಾಗದ ತೂರುವಷ್ಟು ಸಂದು. ಉಜ್ಜಿದ ಮೇಲೆ ಉಬ್ಬು ಕಿರಿದಾಯಿತು, ಹೋಗಲಿಲ್ಲ. ತೆಂಗಿನ ನಾರಿನ ದಪ್ಪ ಮೆತ್ತೆ ಕಟ್ಟಿದ ಮೇಲೆ ಐದು ಸಲ ಬೀಳಿಸಿದರೂ ಗುರುತಿಲ್ಲ.

ಉತ್ತರ (ಉಡುಪಿ)

ಸಂತೋಷ. ನಾರು ಪ್ರತಿ ಹೊಡೆತಕ್ಕೂ ಸ್ವಲ್ಪ ಅದುಮಿಕೊಂಡು ಹಾಗೆಯೇ ಉಳಿಯುತ್ತದೆ, ನಮ್ಮ ಮಳೆಗಾಲದಲ್ಲಿ ನೀರು ಕುಡಿದರೆ ಇನ್ನೂ ಬೇಗ. ಜೇಡಿಮಣ್ಣಿನ ಉಂಡೆಯನ್ನು ಪ್ರತಿ ಸಲವೂ ಇಟ್ಟು ಅಳೆಯಿರಿ. ತಗ್ಗುವ ದೂರ 20 ಮಿ.ಮೀ.ಗಿಂತ ಕಡಿಮೆಯಾದ ದಿನ ಮೆತ್ತೆ ಬದಲಿಸಿ.