ಮಾವೊರಿ ‘ಫಾನೌ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ನ್ಯೂಜಿಲೆಂಡಿನ ಮಾವೊರಿ ಜನ ತಮ್ಮ ಮನೆಮಂದಿಯ ಆರೋಗ್ಯ, ಬದುಕಿನ ಬಗ್ಗೆ ತಾವೇ ನಡೆಸುವ ಸಂಶೋಧನೆ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಫಾನೌ’ ಅನ್ನುವ ಪದ ಅದರಲ್ಲಿ ಸಾಲುಸಾಲಿಗೂ ಬರುತ್ತದೆ. ಅಲ್ಲಿನ ಇಂಗ್ಲಿಷ್ ಬರಹಗಳಲ್ಲಿ ಅದನ್ನು ಹಾಗೇ ಬಿಟ್ಟಿರುತ್ತಾರೆ. ನಾವೂ ಬಿಡಬಹುದು. ಆದರೆ ನಮ್ಮಲ್ಲೇ ಒಂದು ಪದ ಇದ್ದರೆ ಯಾಕೆ ಬಿಡಬೇಕು?

‘ಕುಟುಂಬ’ ಹೊಂದುವುದಿಲ್ಲ. ಈಗ ಕುಟುಂಬ ಅಂದರೆ ರೇಷನ್ ಕಾರ್ಡಿನಲ್ಲಿ ಹೆಸರಿರುವಷ್ಟು ಜನ. ಫಾನೌನಲ್ಲಿ ಅಜ್ಜ-ಅಜ್ಜಿ, ಚಿಕ್ಕಪ್ಪ, ಸೋದರತ್ತೆ, ಅವರ ಮಕ್ಕಳು ಮೊಮ್ಮಕ್ಕಳು ಎಲ್ಲರೂ ಸೇರುತ್ತಾರೆ. ಅದೇ ಪದಕ್ಕೆ ‘ಹುಟ್ಟು, ಹೆರು’ ಅನ್ನುವ ಅರ್ಥವೂ ಇದೆ. ಅದಕ್ಕಿಂತ ದೊಡ್ಡ ಗುಂಪು ‘ಹಪೂ’, ಬಸುರಿಗೂ ಅದೇ ಪದ. ಇನ್ನೂ ದೊಡ್ಡದು ‘ಇವಿ’, ಮೂಳೆ ಅಂತಲೂ ಅರ್ಥ. ನಮ್ಮ ‘ಒಡಹುಟ್ಟು’ ನೆನಪಾಗುತ್ತದೆ, ಅಲ್ವಾ?

‘ಕುಲ’ ಅಂದರೆ ಮಾತು ಜಾತಿಯ ಕಡೆ ಹೊರಳುತ್ತದೆ. ‘ಮನೆತನ’ದಲ್ಲಿ ದೊಡ್ಡಸ್ತಿಕೆ ಜಾಸ್ತಿ. ನನಗೆ ‘ಬಳಗ’ ಹತ್ತಿರ ಅನ್ನಿಸುತ್ತದೆ. ರಕ್ತಸಂಬಂಧ ಇಲ್ಲದೆ ಒಂದು ಕೆಲಸಕ್ಕೆಂದು ಕೂಡಿದವರನ್ನೂ ಮಾವೊರಿಗಳು ಫಾನೌ ಅನ್ನುವುದುಂಟು. ಗೆಳೆಯರ ಬಳಗ ಅನ್ನುವುದಿಲ್ಲವೇ ನಾವು?

ಸುಮ್ನೆ ಪದ ಹಿಡಿದು ಜಗ್ಗುತ್ತಿಲ್ಲ. 1980ರ ದಶಕದಲ್ಲಿ ಜಾನ್ ರಂಗಿಹೌ ಮುಂದಾಳತ್ವದ ಸಮಿತಿ ಮಾವೊರಿಗಳ ಸಭೆಯ ತಾಣವಾದ ‘ಮರಾಯೆ’ಗಳಿಗೇ ಹೋಗಿ ಜನರ ಮಾತು ಕೇಳಿ, ಸಮಾಜ ಕಲ್ಯಾಣ ಇಲಾಖೆ ನಡೆದುಕೊಳ್ಳುತ್ತಿದ್ದ ರೀತಿಯ ಬಗ್ಗೆ ಖಾರವಾದ ವರದಿ ಕೊಟ್ಟಿತು. ಆಮೇಲೆ 1989ರಲ್ಲಿ ಮಕ್ಕಳ ರಕ್ಷಣೆಗೆ ಹೊಸ ಕಾನೂನು ಬಂತು. ಅದರ ಪ್ರಕಾರ ತೊಂದರೆಯಲ್ಲಿರುವ ಮಗುವಿನ ವಿಷಯಕ್ಕೆ ಅದರ ಫಾನೌನವರ ಸಭೆ ಕರೆಯುತ್ತಾರೆ. ಅಧಿಕಾರಿಗಳು ತಮಗೆ ಗೊತ್ತಿರುವುದನ್ನು ಹೇಳಿ ಕೋಣೆಯಿಂದ ಎದ್ದುಹೋಗಬೇಕು. ಆಮೇಲಿನ ಮಾತುಕತೆ ಮಗುವಿನ ಕಡೆಯವರದೇ. ಇಲ್ಲಿ ‘ಕುಟುಂಬ’ ಅಂತ ಬರೆದರೆ ಓದುಗರು ಅಪ್ಪ-ಅಮ್ಮ ಇಬ್ಬರೇ ಕೂತಿದ್ದಾರೆ ಅಂದುಕೊಳ್ಳುತ್ತಾರೆ. ಆ ಕಾನೂನಿನ ಹುರುಳೇ ಹೋಯಿತು!

‘ಸಮುದಾಯ ನೇತೃತ್ವದ ಸಂಶೋಧನೆ’ ಅನ್ನುವುದೂ ಸುತ್ತೋಲೆಯ ಭಾಷೆ. ಈ ಸಂಶೋಧನೆಯಲ್ಲಿ ಪ್ರಶ್ನೆ ಮಾವೊರಿಗಳದು, ಕೇಳುವವರು ಅವರು, ಸಿಕ್ಕ ಮಾಹಿತಿಯ ಒಡೆತನವೂ ಅವರದು. ‘ತಾವೇ ಮಾಡಿಕೊಂಡ ಸಂಶೋಧನೆ’ ಅಂದರೆ ಆ ‘ಕೊಂಡ’ದಲ್ಲೇ ಎಲ್ಲ ಬಂತು. ಇದಕ್ಕೆ ಯಾರ ತಕರಾರೂ ಇರಲಾರದು.

ಸಿಕ್ಕಿಕೊಂಡಿರುವುದು ‘ಫಾನೌ ಓರ’. 2010ರಲ್ಲಿ ಸಚಿವೆ ತರಿಯಾನಾ ತುರಿಯಾ ತಂದ ಯೋಜನೆ. ಒಬ್ಬೊಬ್ಬರಿಗೆ ಒಂದೊಂದು ಕಚೇರಿ ಅನ್ನದೆ ಇಡೀ ಬಳಗಕ್ಕೆ ಒಟ್ಟಿಗೆ ನೆರವು ಕೊಡುವುದು ಅದರ ಉದ್ದೇಶ. ‘ಓರ’ ಅಂದರೆ ಜೀವ, ಆರೋಗ್ಯ ಎರಡೂ. ‘ಕಿಯಾ ಓರ’ ಅವರ ನಮಸ್ಕಾರ. ‘ಕಲ್ಯಾಣ’ ಬೇಡ, ಅವರು ಜಗಳವಾಡಿದ್ದೇ ಆ ಇಲಾಖೆಯ ಜೊತೆ. ‘ಕ್ಷೇಮ’ ಅಂದರೆ ಹಳೇ ಕಾಗದದ ‘ಉಭಯ ಕುಶಲೋಪರಿ’ ಆಗುತ್ತದೆ. ‘ಬಳಗದ ಬಾಳು’ ಅಂದರೆ ನಡೆದೀತೇ? ಉತ್ತರ ಕರ್ನಾಟಕದವರು, ಕರಾವಳಿಯವರು ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ಮಾತಿದ್ದರೆ ಹೇಳಿ.